ಕೆಂಪು ಸಾಲುಗಳ ಮೇಲೆ ಅಕ್ಕನ ಅಂಗೈ

ಅಕ್ಕನ ಅಂಗೈ ಅಗಲವಾಗಿತ್ತು, ಹಾಲು ಕರೆದು ಕರೆದು ಗಟ್ಟಿಯಾದದ್ದು. ಆ ಶುಕ್ರವಾರ ಸಂಜೆ ನನ್ನ ಕಂಪ್ಯೂಟರಿನ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು ಇಳಿಯುತ್ತಿದ್ದಾಗ, ಅವರು ಪಕ್ಕದ ಮೇಜಿನಿಂದ ಎದ್ದು ಬಂದು ಮೇಲಿನ ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಆ ಕೈಯಿಂದ ಮುಚ್ಚಿದರು.

“ಇದೊಂದ್ ಸಾಲು ಓದಮ್ಮ. ಕೆಳಗಿರೋದೆಲ್ಲ ಅದ್ರ ಅಳು.”

ಸಹಕಾರನಗರದ ಒಂದು ಬೇಕರಿಯ ಮೇಲೆ ನಮ್ಮ ಸಣ್ಣ ಆಫೀಸು. ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವರು ಅಲ್ಲಿಯ ಹಿರಿಯ ಡೆವಲಪರ್. ಬೆಳಿಗ್ಗೆ ಎಮ್ಮೆ ಕರೆದು, ಹುಣಸಮಾರನಹಳ್ಳಿಯಿಂದ ಬಸ್ಸು ಹಿಡಿದು ಬರುತ್ತಿದ್ದರು. ಬಾಸ್ ಬಂದು ಕೆಲಸ ಆಯಿತೇ ಎಂದು ಇಣುಕಿದರೆ, “ಅನ್ನಕ್ಕಿಟ್ಟಿದೀವಿ ಸಾರ್, ಮುಚ್ಚಳ ತೆಗೀಬೇಡಿ” ಎನ್ನುತ್ತಿದ್ದರು. ಬಾಸ್ ನಕ್ಕು ಹಿಂದೆ ಹೋಗುತ್ತಿದ್ದರು.

ಆ ವರ್ಷ ಆಫೀಸು ಸೈಟು ಕಟ್ಟುವ ಹೊಸ ಫ್ರೇಮ್‌ವರ್ಕಿಗೆ ಬದಲಾಯಿತು. ತಿಂಗಳ ಕೊನೆಯೊಳಗೆ ಅದರಲ್ಲಿ ಒಂದು ಸೈಟನ್ನು ಒಬ್ಬರೇ ಮಾಡಲಾಗದವರು ಬೇರೆ ಕೆಲಸ ನೋಡಿಕೊಳ್ಳಬೇಕು ಎಂದು ಹೇಳಿಯಾಗಿತ್ತು. ಮಗು ಶಾಲೆಗೆ ಸೇರಿದ ಮೇಲೆ ಕೆಲಸಕ್ಕೆ ಮರಳಿದ್ದ ನನಗೆ ಇನ್ನೆಲ್ಲಾದರೂ ಸಿಕ್ಕೀತೆಂಬ ಧೈರ್ಯವಿರಲಿಲ್ಲ. ಪರದೆಯ ಮೇಲೆ ಕಮ್ಯಾಂಡು ಟೈಪ್ ಮಾಡುವ ಆ ಕಪ್ಪು ಕಿಟಕಿ ತೆರೆದರೆ ಸಾಕು, ಅಕ್ಕನ ಮೇಜಿನ ಕಡೆ ತಿರುಗುತ್ತಿದ್ದೆ.

“ಕಮ್ಯಾಂಡು ಕಂಡಕ್ಟರ್ ಇದ್ದಂಗೆ, ಸೀಟಿ ಊದ್ತಾನೆ ಅಷ್ಟೆ. ಬಸ್ ಓಡ್ಸೋನು ರನ್‌ಟೈಮು. ಯಾವ್ನು ಕೈ ಕೊಟ್ಟ ಅಂತ ಮೊದ್ಲು ನೋಡು.” ಅಕ್ಕ ಹೀಗೆ ಹೇಳಿದ ಮೇಲೆಯೇ ನನಗೆ ಏನಾದರೂ ಅರ್ಥವಾಗತೊಡಗಿದ್ದು.

ಆ ಸಂಜೆ ಮೇಲಿನ ಸಾಲು ಓದಿದೆ. ಕೋಡನ್ನು ಓಡಿಸುವ ರನ್‌ಟೈಮ್ ಹಳೆಯದು ಎಂದಿತ್ತು. ಹೊಸದನ್ನು ಬೆಳಿಗ್ಗೆಯೇ ಹಾಕಿದ್ದೇನೆ ಎಂದು ನಾನು ವಾದಿಸಿದೆ. ಅಕ್ಕ ನಕ್ಕರು. ಹೊಸದನ್ನು ಬಳಸು ಎಂದು ನಾನು ಹೇಳಿದ್ದು ಬೆಳಗಿನ ಕಿಟಕಿಗೆ ಮಾತ್ರ. ಈಗ ತೆರೆದದ್ದು ಇನ್ನೊಂದು.

“ಇದು ಬೇರೆ ಬಸ್ಸು ಕಣಮ್ಮ. ಇದ್ರಲ್ಲಿ ಆ ಮುದಿ ಡ್ರೈವರ್ರೇ ಕೂತವ್ನೆ.”

ಏನೋ ಒಂದು ಸಾಲು ಟೈಪ್ ಮಾಡಿದರು, ಸೈಟು ತೆರೆದುಕೊಂಡಿತು. ಎಲ್ಲ ಕಿಟಕಿಗೂ ಹೊಸದೇ ಇರುವಂತೆ ಮಾಡುವುದು ಹೇಗೆ ಎಂದು ಕೇಳಿದೆ. ಅವರು ಆಗಲೇ ಬ್ಯಾಗು ಹೆಗಲಿಗೇರಿಸಿದ್ದರು.

“ಬಸ್ ಒಂಟೋಯ್ತದೆ. ಸೋಮವಾರ ತೋರಿಸ್ತೀನಿ. ಅಲ್ಲೀಗಂಟ ಈ ಕಿಟಕಿ ಮುಚ್ಬೇಡ.”

ಮುಚ್ಚಲಿಲ್ಲ. ಕಂಪ್ಯೂಟರನ್ನೂ ಆರಿಸದೆ ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅಕ್ಕ ಕುಸಿದುಬಿದ್ದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಜೀವವಿರಲಿಲ್ಲ. ಸೋಮವಾರ ನಾವೆಲ್ಲ ಅವರ ಊರಿಗೆ ಹೋದೆವು. ಆಫೀಸಿಗೆ ರಜೆಯೆಂದು ಯಾರೋ ಮೇನ್ ಸ್ವಿಚ್ ಆರಿಸಿದ್ದರು. ಮಂಗಳವಾರ ಬಂದು ನೋಡಿದರೆ ಆ ಕಿಟಕಿ ಇರಲಿಲ್ಲ. ಹೊಸದು ತೆರೆದು ಕಮ್ಯಾಂಡು ಕೊಟ್ಟೆ. ಅವೇ ಕೆಂಪು ಸಾಲುಗಳು ಇಳಿದವು. ಮೇಲಿನದನ್ನು ಓದಿದೆ. ಏನಾಗಿದೆಯೆಂದು ಗೊತ್ತಿತ್ತು, ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೇಳಲು ಪಕ್ಕದ ಮೇಜಿನ ಕಡೆ ತಿರುಗಿಯೇಬಿಟ್ಟೆ.

ಉತ್ತರ ಆಮೇಲೆ ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಒಂದೇ ಸಾಲು. ಇಷ್ಟು ಸಣ್ಣದನ್ನು ಆ ಸಂಜೆಯೇ ತೋರಿಸಿ ಹೋಗಬಹುದಿತ್ತಲ್ಲ ಎಂದು ಅವರ ಮೇಲೆ ಸಿಟ್ಟು ಬಂತು. ಈಗ ಆ ಸಿಟ್ಟೂ ಉಳಿದಿಲ್ಲ. ಕೆಲಸ ಉಳಿಯಿತು. ಅದರಿಂದ ಏನೂ ಹಗುರವಾಗಲಿಲ್ಲ.

ಇಂದಿಗೂ ಕೆಂಪು ಸಾಲುಗಳು ಬಂದರೆ ನನ್ನ ಕೈಯನ್ನೇ ಅಡ್ಡ ಇಡುತ್ತೇನೆ. ನನ್ನ ಅಂಗೈ ಚಿಕ್ಕದು. ಕೆಳಗಿನ ಸಾಲುಗಳು ಕಾಣುತ್ತಲೇ ಇರುತ್ತವೆ. ಅಕ್ಕನ ಕೈ ಇಲ್ಲ.