ಯಾರೂ ಹರಾಜು ಕೂಗದ ಗೋಲ್‌ಕೀಪರ್

ನಮ್ಮ ತಂಡದ ಗೋಲ್‌ಕೀಪರ್ ಹತ್ತಿರಹತ್ತಿರ ಒಂದು ತಿಂಗಳು, ಪ್ರತಿ ಭಾನುವಾರ, ನಮ್ಮ ಟೇಬಲ್ಲಿಗೇ ಬಂದು ಕಾಫಿ ಕುಡಿದು ಹೋದ. ನಾವು ಅವನ ಎದುರಿಗೇ ಅವನನ್ನು ಹೀನಾಮಾನ ಬೈದೆವು. ಇವನೇ ಅವನು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ನಂಬದವರು ಹಾಕಿ ನೋಡದವರು. ಹಾಕಿಯಲ್ಲಿ ಗೋಲ್‌ಕೀಪರ್‌ನ ಮುಖ ಯಾರು ನೋಡಿದ್ದಾರೆ? ತಲೆಗೆ ಹೆಲ್ಮೆಟ್ಟು, ಮುಖಕ್ಕೆ ಜಾಲರಿ, ಕಾಲಿಗೆ ಹಾಸಿಗೆ ಸುತ್ತಿಟ್ಟ ಹಾಗೆ ಪ್ಯಾಡು. ಪೋಸ್ಟರಿನಲ್ಲೂ ಅವನು ಹೆಲ್ಮೆಟ್ ಹಾಕಿಕೊಂಡೇ ನಿಂತಿರುತ್ತಾನೆ. ಅವನ ನಡಿಗೆ ನಮಗೆ ಗೊತ್ತಿತ್ತು. ಯಾವ ಕಡೆ ಬೀಳುತ್ತಾನೆ, ಯಾವ ಹೊಡೆತಕ್ಕೆ ತಡವಾಗಿ ಏಳುತ್ತಾನೆ, ಎಲ್ಲ ಬಾಯಿಪಾಠ. ಮುಖ ಮಾತ್ರ ಗೊತ್ತಿರಲಿಲ್ಲ.

ನಾವು ಅಂದರೆ ಮೂವರು. ನಾನು ಬ್ಯಾಂಕಿನಿಂದ ನಿವೃತ್ತಳಾದವಳು. ಚಿಕ್ಕಂದಿನಲ್ಲಿ ಅಪ್ಪ ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಮ್ಯಾಚಿಗೆ ಕರೆದುಕೊಂಡು ಹೋಗುತ್ತಿದ್ದರು. ಸಂಗೀತ ಹತ್ತಲಿಲ್ಲ, ರಂಗೋಲಿ ಹತ್ತಲಿಲ್ಲ, ಇದೊಂದು ಹತ್ತಿತು. ಎರಡನೆಯವರು ಬಸವನಗುಡಿಯ ಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಮೆದು ಸ್ವಭಾವ, ಎಲ್ಲರ ಹತ್ತಿರವೂ ಒಳ್ಳೆಯವರು ಅನ್ನಿಸಿಕೊಳ್ಳಬೇಕು ಅನ್ನುವ ಚಪಲ. ಮೂರನೆಯವರು ಅಕ್ಕಿಪೇಟೆಯಲ್ಲಿ ಮಂಡಿ ಇಟ್ಟಿರುವ ಸಾಹುಕಾರರು. ಚಾಮರಾಜಪೇಟೆಯ ಹಳೆಯ ಹೋಟೆಲೊಂದರಲ್ಲಿ, ಕೈತೊಳೆಯುವ ಬೇಸಿನ್ನಿನ ಪಕ್ಕದ ಟೇಬಲ್ಲು ನಮ್ಮದು. ಅಲ್ಲಿ ನೀರು ಸಿಡಿಯುತ್ತದೆ ಅಂತ ಬೇರೆಯವರು ಕೂರುವುದಿಲ್ಲ. ಎಷ್ಟು ಹೊತ್ತು ಹರಟಿದರೂ ಏಳಿ ಅನ್ನುವವರಿಲ್ಲ.

ನಮ್ಮೂರಿನ ಹೆಸರು ಹೊತ್ತ ತಂಡವೊಂದು ಲೀಗಿನಲ್ಲಿ ಆಡುತ್ತದೆ. ಆಟಗಾರರಿಗೆ ಇಂತಿಷ್ಟೇ ಖರ್ಚು ಮಾಡಬೇಕು ಅಂತ ಎಲ್ಲ ತಂಡಗಳಿಗೂ ಒಂದೇ ಮಿತಿ. ಅದಕ್ಕೆ ಪರ್ಸ್ ಅನ್ನುತ್ತಾರೆ. ಸೀಸನ್ ಮುಗಿದ ಮೇಲೆ ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬೇರೆ ತಂಡಕ್ಕೆ ದಾಟಿಸುವುದು, ಯಾರನ್ನು ಹರಾಜಿಗೆ ಬಿಡುವುದು ಅಂತ ತೀರ್ಮಾನ ಹೇಳಲು ಒಂದು ಗಡುವು ಇರುತ್ತದೆ. ಆ ಗಡುವು ಹತ್ತಿರ ಬಂದಾಗ ನಮ್ಮ ಟೇಬಲ್ಲಿಗೆ ಜ್ವರ ಬರುತ್ತದೆ. ಮನೆಯ ಖರ್ಚನ್ನು ಪೂರ್ತಿ ಸೊಸೆಯ ಕೈಗೆ ಕೊಟ್ಟು ಕೂತಿರುವ ಸಾಹುಕಾರರು ಇಡೀ ತಂಡದ ಪರ್ಸನ್ನು ಇಡ್ಲಿ ತಿನ್ನುತ್ತ ಹಂಚಿ ಮುಗಿಸುತ್ತಾರೆ. ಮೇಷ್ಟ್ರು ನಾಯಕನನ್ನೇ ಮಾರುತ್ತಾರೆ. ನಾನು ಕೋಚನ್ನು ಓಡಿಸುತ್ತೇನೆ. ಗಂಡಸರು ಆಡಿದರೆ ವಿಶ್ಲೇಷಣೆ, ನಾನು ಆಡಿದರೆ ಬಾಯಿ ಜೋರು. ಅದರ ಬಗ್ಗೆ ನನಗೆ ಬೇಜಾರಿಲ್ಲ. ಬಾಯಿ ನಿಜವಾಗಿಯೂ ಜೋರೇ.

ಆ ವರ್ಷ ಸೆಮಿಫೈನಲ್ಲಿನಲ್ಲಿ ಗೋಲು ಸಮವಾಗಿ, ಒಬ್ಬೊಬ್ಬರೇ ಬಂದು ಗೋಲ್‌ಕೀಪರ್‌ನ ಎದುರು ಹೊಡೆಯುವ ಶೂಟೌಟಿನಲ್ಲಿ ಸೋತಿದ್ದೆವು. ಸೋಲಿಗೆ ಒಬ್ಬ ಬೇಕಲ್ಲ, ಗೋಲ್‌ಕೀಪರ್ ಸಿಕ್ಕಿದ. "ನಮ್ಮ ಮಂಡಿ ಬಾಗ್ಲಲ್ಲಿ ಮಲಗೋ ನಾಯಿ ಅವನಿಗಿಂತ ಚೆನ್ನಾಗಿ ಕಾಯತ್ತೆ" ಅಂದರು ಸಾಹುಕಾರರು. "ನಾಯೀನ ಯಾಕೆ ಬೈತೀರಿ, ಅದು ಬಿಸ್ಕೆಟ್‌ಗೆ ಕೆಲ್ಸ ಮಾಡತ್ತೆ. ಇವನಿಗೆ ಲಕ್ಷಗಟ್ಲೆ ಸುರೀಬೇಕು" ಅಂದೆ ನಾನು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಗಡ್ಡದವನೊಬ್ಬ ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ. ಎತ್ತರದ ಆಳು, ಮೂವತ್ತು ದಾಟಿರಬಹುದು.

"ಹಾಕಿ ಬಗ್ಗೆನಾ ಆಂಟಿ ಮಾತಾಡ್ತಿರೋದು? ನಾನೂ ಕೂತ್ಕೋಬಹುದಾ?" ಅಂದ.

"ಆಂಟಿ ಅನ್ನೋದಾದ್ರೆ ಆ ಕಡೆ ಟೇಬಲ್ ಖಾಲಿ ಇದೆ ನೋಡಿ" ಅಂದೆ. ಅವನು ಮೇಡಂ ಅಂದ, ಕೂತ. ಏನು ಕೆಲಸ ಅಂತ ಮೇಷ್ಟ್ರು ಕೇಳಿದ್ದಕ್ಕೆ ಆಫೀಸಲ್ಲಿ ಅಂದ. ನಾವು ಮುಂದೆ ಕೇಳಲಿಲ್ಲ, ಹೆಸರನ್ನೂ ಕೇಳಲಿಲ್ಲ. ನಮಗೆ ಬೇಕಾದದ್ದು ಕೇಳಿಸಿಕೊಳ್ಳುವ ಕಿವಿ, ಅದು ಸಿಕ್ಕಿತ್ತು.

ಅವನು ಯಾಕೆ ಬರುತ್ತಿದ್ದ ಅನ್ನುವುದು ನಮಗೆ ಆಮೇಲೆ ಗೊತ್ತಾಯಿತು. ಈಗಲೇ ಹೇಳಿಬಿಡುತ್ತೇನೆ. ಆಗ ಅವನ ಮುಂದೆ ಎರಡು ದಾರಿ ಇದ್ದವು. ನಮ್ಮ ತಂಡದವರು, ನಿನ್ನ ರೇಟನ್ನು ತೀರ ಕೆಳಗಿಳಿಸಿದರೆ ಉಳಿಸಿಕೊಳ್ಳುತ್ತೇವೆ ಅಂದಿದ್ದರು. ಉತ್ತರದ ಕಡೆಯ ಒಂದು ತಂಡ ಪೂರ್ತಿ ರೇಟಿಗೆ ಕರೆದಿತ್ತು. ಅವನಿಗೆ ಇಲ್ಲಿಯೇ ಆಡಿ ಇಲ್ಲಿಯೇ ಆಟ ಮುಗಿಸುವ ಆಸೆ. ಆದರೆ ಊರಿಗೆ ತಾನು ಬೇಕೋ ಬೇಡವೋ ಅನ್ನುವುದು ತಿಳಿಯಬೇಕಿತ್ತು. ಫೋನಿನಲ್ಲಿ ಬೈಯುವವರನ್ನು ಅವನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಆಟ ಗೊತ್ತಿರುವ ದೊಡ್ಡವರು ಏನನ್ನುತ್ತಾರೆ ನೋಡೋಣ ಅಂತ ಹುಡುಕಿಕೊಂಡು ಬಂದು ಸೇರಿದ್ದು ನಮ್ಮ ಟೇಬಲ್ಲನ್ನು. ಅದು ಅವನ ಗ್ರಹಚಾರ.

ಗಡುವಿನ ಹಿಂದಿನ ಭಾನುವಾರ ನಮ್ಮದೇ ಒಂದು ಹರಾಜು ನಡೆಸುವುದು ಮೊದಲಿನಿಂದ ಬಂದ ಪದ್ಧತಿ. ಕೂಗಿಸುವವಳು ನಾನು. ಬ್ಯಾಂಕಿನಲ್ಲಿದ್ದಾಗ ಜನ ಬಿಡಿಸಿಕೊಳ್ಳದೆ ಹೋದ ಒಡವೆಗಳನ್ನು ಹರಾಜು ಕೂಗಿಸಿ ಅಭ್ಯಾಸವಿದೆ. ಒಬ್ಬೊಬ್ಬ ಆಟಗಾರನಿಗೂ ನಮ್ಮಲ್ಲೇ ಒಬ್ಬರು ವಕೀಲರಾಗಬೇಕು, ಅವನನ್ನು ಯಾಕೆ ಕೊಳ್ಳಬೇಕು ಅಂತ ವಾದಿಸಬೇಕು. ಉಳಿದವರು ಬೆಲೆ ಕೂಗಬೇಕು. ಯಾರೂ ಕೂಗದಿದ್ದರೆ ಆ ವಕೀಲರೇ ಎಲ್ಲರ ತಿಂಡಿಯ ಬಿಲ್ಲು ಕೊಡಬೇಕು. ಟೇಬಲ್ಲಿಗೆ ಹೊಸದಾಗಿ ಸೇರಿದವರಿಗೆ ಯಾರಿಗೂ ಬೇಡದ ಆಟಗಾರನ ವಕಾಲತ್ತು. ಹಾಗಾಗಿ ಗಡ್ಡದವನ ಪಾಲಿಗೆ ಗೋಲ್‌ಕೀಪರ್ ಬಂದ.

"ಬೇರೆ ಯಾರ್ನಾದ್ರೂ ಕೊಡಿ ಮೇಡಂ" ಅಂದ.

"ಅದೆಲ್ಲ ಆಗಲ್ಲ. ಮೇಷ್ಟ್ರೂ ಮೊದಲ್ನೇ ವರ್ಷ ಕುಂಟೋ ಡಿಫೆಂಡರ್‌ಗೆ ವಾದ ಮಾಡಿದಾರೆ" ಅಂದೆ.

ಅವನು ಲೋಟವನ್ನು ಬಟ್ಟಲಲ್ಲಿ ಒಂದು ಸುತ್ತು ತಿರುಗಿಸಿದ. ಆಮೇಲೆ, "ಅವ್ನು ಈ ಊರೋನು. ಇಲ್ಲೇ ಬೆಳೆದಿರೋನು" ಅಂದ.

"ಹಿತ್ತಲ ಗಿಡ ಮದ್ದಲ್ಲ ಕಣಪ್ಪ" ಅಂದರು ಮೇಷ್ಟ್ರು.

"ಊರೋನು ಅಂತ ಬಾಲ್ ಬಂದು ಕಾಲಿಗೆ ಬೀಳತ್ತಾ?" ಅಂದರು ಸಾಹುಕಾರರು.

"ಸೆಮಿಫೈನಲ್‌ನಲ್ಲಿ ಡಿಫೆಂಡರ್ ಒಬ್ಬ ಕಾರ್ಡ್ ತಗೊಂಡು ಆಚೆ ಕೂತಿದ್ದ ಸಾರ್. ಟರ್ಫ್‌ಗೂ ಸರಿಯಾಗಿ ನೀರು ಹೊಡೆದಿರ್ಲಿಲ್ಲ, ಬಾಲ್ ಪುಟಿದು ಪುಟಿದು ಬರ್ತಿತ್ತು."

"ಕುಣೀಲಾರದೋಳು ನೆಲ ಡೊಂಕು ಅಂದಳಂತೆ" ಅಂದೆ. ಸಾಹುಕಾರರು ಟೇಬಲ್ಲು ಗುದ್ದಿದರು. ಬೇಸಿನ್ನಿನ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದವನೂ ತಿರುಗಿ ನೋಡಿ ನಕ್ಕ. ನನಗೆ ಹುಮ್ಮಸ್ಸು ಬಂತು. ಶೂಟೌಟಿನ ಒಂದೊಂದು ಗೋಲನ್ನೂ ಬಿಡಿಸಿ ಹೇಳಿದೆ. ಎಲ್ಲಿ ನಿಂತಿದ್ದ, ಯಾವಾಗ ಮುಂದೆ ಬರಬೇಕಿತ್ತು, ಯಾಕೆ ಬರಲಿಲ್ಲ. ಹೆದರಿದ್ದ, ಅದಕ್ಕೇ ಬರಲಿಲ್ಲ ಅಂದೆ. ಗಡ್ಡದವನು ಒಂದು ಮಾತಿಗೂ ಅಡ್ಡ ಬರಲಿಲ್ಲ. ಕೊನೆಗೆ, "ಹೂಂ, ಹೆದರಿದ್ದ" ಅಂದ. ವಕೀಲನೇ ಒಪ್ಪಿಕೊಂಡ ಅಂತ ನಮಗೆ ಇನ್ನಷ್ಟು ನಗು.

"ಆದ್ರೆ ಮೇಡಂ, ಅವ್ನು ರೇಟ್ ಇಳಿಸ್ತಾನೆ ಅನ್ಕೊಳಿ. ತೀರಾ ಕಮ್ಮಿಗೆ ಬರ್ತಾನೆ. ಎರಡನೇ ಕೀಪರ್ ಆಗಿ ಬೆಂಚ್ ಮೇಲೆ ಕೂರೋಕೂ ರೆಡಿ. ಪರ್ಸ್‌ಗೆ ಭಾರ ಆಗಲ್ಲ. ಆಗ?"

ಮೇಷ್ಟ್ರ ಮುಖ ಸ್ವಲ್ಪ ಸಡಿಲವಾಯಿತು. ಅವರು ಏನೋ ಒಂದು ಬೆಲೆ ಕೂಗುತ್ತಿದ್ದರೇನೋ. ನಾನು ಬಿಡಲಿಲ್ಲ.

"ಪುಕ್ಸಟ್ಟೆ ಬಂದ್ರೂ ಬೇಡ" ಅಂದೆ. "ತಂಡದಲ್ಲಿ ಜಾಗ ಇರೋದೇ ಇಷ್ಟು. ಅವ್ನು ಒಂದು ಜಾಗ ಹಿಡ್ಕೊಂಡು ಕೂತ್ರೆ, ಇನ್ನೊಬ್ಬ ಚೆನ್ನಾಗಿ ಆಡೋನ ಜಾಗ ಹೋಯ್ತು. ದುಡ್ಡು ಉಳಿಯತ್ತೆ, ಜಾಗ ಉಳಿಯತ್ತಾ? ನಾಚಿಕೆ ಅನ್ನೋದಿದ್ರೆ ತಾನಾಗೇ ಊರು ಬಿಟ್ಟು ಹೋಗ್ಬೇಕು."

"ಯಾರಿಗೂ ಬೇಡ್ವಾ ಹಂಗಾದ್ರೆ?"

"ಕೂಗಿಸ್ತೀನಿ, ನೀವೇ ನೋಡಿ."

ಒಂದನೇ ಸಲ ಅಂದೆ. ಅವನು ಸಾಹುಕಾರರ ಕಡೆ ನೋಡಿದ. ಸಾಹುಕಾರರು ಹಲ್ಲಿಗೆ ಸಿಕ್ಕಿದ ತೆಂಗಿನಕಾಯಿ ಚೂರನ್ನು ನಾಲಿಗೆಯಲ್ಲಿ ತೆಗೆಯುತ್ತಿದ್ದರು. ಎರಡನೇ ಸಲ ಅಂದೆ. ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ನನ್ನ ಕಡೆ ನೋಡಿದರು. ಮೂರನೇ ಸಲ ಅಂದು ಚಮಚದಲ್ಲಿ ಟೇಬಲ್ಲು ಕುಟ್ಟಿದೆ. ಬ್ಯಾಂಕಿನ ಹರಾಜಿನ ದಿನ ಒಡವೆ ಕಳೆದುಕೊಂಡ ಹೆಂಗಸರು ಹಿಂದೆ ಬಾಗಿಲ ಹತ್ತಿರ ನಿಂತು ತಮ್ಮ ಸರ ಯಾರ ಕೈಗೆ ಹೋಯಿತು ಅಂತ ನೋಡುತ್ತಿದ್ದರು. ಅವರ ಮುಖ ನನಗೆ ಚೆನ್ನಾಗಿ ಗೊತ್ತು. ಇವನ ಮುಖವನ್ನು ಆ ದಿನ ನಾನು ನೋಡಲೇ ಇಲ್ಲ. ಗೆದ್ದ ಖುಷಿಯಲ್ಲಿ ಇನ್ನೊಂದು ಕಾಫಿ ಹೇಳುತ್ತಿದ್ದೆ. ಅವನು ಎದ್ದು ಕ್ಯಾಷಿಯರ್ ಹತ್ತಿರ ಹೋಗಿ ನಮ್ಮೆಲ್ಲರ ಬಿಲ್ಲು ಕೊಟ್ಟ, ಬರ್ತೀನಿ ಅಂತ ಮೂವರಿಗೂ ಬೇರೆ ಬೇರೆಯಾಗಿ ಕೈ ಮುಗಿದು ಹೊರಟ.

ಮುಂದಿನ ಭಾನುವಾರ ಬರಲಿಲ್ಲ. ಬಿಲ್ಲಿಗೆ ಹೆದರಿಕೊಂಡ ಅಂದರು ಸಾಹುಕಾರರು. ಅದರ ಮುಂದಿನ ವಾರ ಮೇಷ್ಟ್ರು ಫೋನು ಹಿಡಿದುಕೊಂಡು ಬಂದರು. ಉತ್ತರದ ತಂಡ ತನ್ನ ಹೊಸ ಗೋಲ್‌ಕೀಪರನ್ನು ಬರಮಾಡಿಕೊಂಡ ವಿಡಿಯೊ. ಹೆಲ್ಮೆಟ್ಟು ಕಂಕುಳಲ್ಲಿತ್ತು. ಮೇಲೆ ನಮ್ಮ ಗಡ್ಡದವನ ಮುಖ. ನಮ್ಮ ಕೀಪರ್‌ನ ಹೆಸರು ಅವನ ಎದೆಯ ಕೆಳಗೆ ದೊಡ್ಡ ಅಕ್ಷರದಲ್ಲಿತ್ತು. ಸ್ವಂತ ಊರಿನ ತಂಡ ಯಾಕೆ ಬಿಟ್ಟಿರಿ ಅಂತ ಯಾರೋ ಕೇಳುತ್ತಾರೆ. ಅವನು ಹರಕುಮುರುಕು ಹಿಂದಿಯಲ್ಲಿ, ನಮ್ಮೂರಿನ ದೊಡ್ಡವರನ್ನು ಕೇಳಿದೆ, ಹೋಗು ಅಂದರು, ಅನ್ನುತ್ತಾನೆ. ನಗುತ್ತಾನೆ.

ಮೇಷ್ಟ್ರು ಕಾಫಿ ಮುಟ್ಟಲಿಲ್ಲ. "ಅವತ್ತೇ ಹೇಳ್ಬಾರ್ದಿತ್ತಾ ಅವ್ನು" ಅಂದರು. ಸಾಹುಕಾರರು, "ಗಡ್ಡ ಬಿಟ್ಕೊಂಡು ಬಂದ್ರೆ ನಮಗೆ ಹೆಂಗೆ ಗೊತ್ತಾಗತ್ತೆ?" ಅಂತ ಸಿಡಿಮಿಡಿಗೊಂಡರು, ಮೋಸ ಹೋದವರು ತಾವೇ ಅನ್ನುವ ಹಾಗೆ. ನನಗೆ ಅವರಿಬ್ಬರ ಮುಖ ನೋಡಿ ರೇಗಿತು. ನಾನು ಹೇಳಿದ್ದರಲ್ಲಿ ಆಟದ ದೃಷ್ಟಿಯಿಂದ ಒಂದು ಅಕ್ಷರವೂ ತಪ್ಪಿರಲಿಲ್ಲ. ಈಗಲೂ ಇಲ್ಲ.

"ತನ್ನ ವಕಾಲತ್ತು ತಾನು ಮಾಡ್ಕೊಳಕ್ಕಾಗದೋನು ಗೋಲ್ ಏನು ಕಾಯ್ತಾನೆ?" ಅಂದೆ.

ಸಾಹುಕಾರರು ಮೊದಲು ನಕ್ಕರು. ಆಮೇಲೆ ಮೇಷ್ಟ್ರೂ ನಕ್ಕರು. ಉಳಿದ ಪರ್ಸಿನಲ್ಲಿ ಯಾರನ್ನು ಕೊಳ್ಳಬಹುದು ಅನ್ನುವುದಕ್ಕೆ ಮಾತು ಹೊರಳಿತು. ದೋಸೆ ಹೇಳಿದೆವು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಕೆಲವು ವಾರ ಕಳೆದ ಮೇಲೆ ಒಬ್ಬ ಹೆಂಗಸು ನಮ್ಮ ಟೇಬಲ್ಲಿನ ಮುಂದೆ ಬಂದು ನಿಂತಳು. ನಲವತ್ತರ ಆಸುಪಾಸು, ಕತ್ತಿನಲ್ಲಿ ಅಳತೆ ಟೇಪು ತೆಗೆಯದೆ ಬಂದಿದ್ದಳು. ಕೈಯಲ್ಲಿ ಒಂದು ಸ್ವೀಟ್ ಬಾಕ್ಸು.

"ಬೇಸಿನ್ ಪಕ್ಕದ ಟೇಬಲ್ ಅಂದಿದ್ದ. ನೀವೇ ಅಲ್ವಾ ಮೇಡಂ?" ಅಂದಳು. ಗೋಲ್‌ಕೀಪರ್‌ನ ಅಕ್ಕ. ಹಿಂದಿನ ರಸ್ತೆಯಲ್ಲಿ ಸೀರೆಗೆ ಫಾಲ್ಸು ಹಾಕುವ ಅಂಗಡಿ ಇಟ್ಟುಕೊಂಡಿದ್ದಾಳೆ. ಅಮ್ಮ ಇಲ್ಲದ ತಮ್ಮನನ್ನು ಸಾಕಿದವಳು ಅವಳೇ ಅಂತ ಮಾತಿನಲ್ಲಿ ತಿಳಿಯಿತು.

"ಇಲ್ಲಿನ ತಂಡದೋರು ಕಮ್ಮಿ ದುಡ್ಡಿಗೆ ಇರು ಅಂದಿದ್ರು. ಇದ್ಬಿಡ್ತೀನಿ ಅಕ್ಕ, ನಮ್ಮೂರಲ್ವಾ ಅಂತಿದ್ದ. ಆಮೇಲೆ ಒಂದಿನ ಬಂದು, ದೊಡ್ಡೋರು ಮೂರು ಜನ ಕೂರಿಸ್ಕೊಂಡು ಬುದ್ಧಿ ಹೇಳಿದ್ರು, ಹೋದ್ರೆ ನಿನಗೇ ಒಳ್ಳೇದಾಗತ್ತೆ ಅಂದ್ರು, ಹೋಗ್ತೀನಿ ಅಂದ. ಯಾರಪ್ಪಾ ಇಷ್ಟು ಹೇಳೋರು ಈ ಕಾಲದಲ್ಲಿ ಅನ್ನಿಸ್ತು. ಅದಕ್ಕೇ ಬಂದೆ" ಅಂದಳು. ಬಾಕ್ಸನ್ನು ನನ್ನ ಮುಂದೆ ಇಟ್ಟಳು.

ಅವನು ಅವಳಿಗೆ ಹೀಗೆ ಹೇಳಿ ಹೋಗಿದ್ದ. ನನಗೆ ಮೈಯೆಲ್ಲ ಉರಿಯಿತು. ನಮ್ಮನ್ನು ಬೈದು ಹೋಗಿದ್ದರೆ ನಾನೂ ಬೈದು ಸರಿಮಾಡಿಕೊಳ್ಳುತ್ತಿದ್ದೆ. ಬೈಯದೆ ಹೋದವನಿಗೆ ಏನು ಮಾಡುವುದು?

ಅವಳು ನಿಂತೇ ಇದ್ದಳು. "ಒಂದು ಕೇಳ್ಲಾ? ನಂಗೆ ಆಟ ಗೊತ್ತಾಗಲ್ಲ. ಟೀವಿಲಿ ಎಲ್ಲರೂ ಓಡಾಡೋದು ಕಾಣ್ಸತ್ತೆ, ಇವ್ನು ಒಬ್ಬ ನಿಂತಿರ್ತಾನೆ. ನೀವು ತಿಳಿದೋರು. ನಮ್ಮೋನು ನಿಜವಾಗ್ಲೂ ಚೆನ್ನಾಗಿ ಆಡ್ತಾನಾ?"

ಸಾಹುಕಾರರು ಎದ್ದು ಕೈ ತೊಳೆಯಲು ಹೋದರು. ಅವರಿನ್ನೂ ಏನೂ ತಿಂದಿರಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಆ ಮೆದು ದನಿಯಲ್ಲಿ, "ತುಂಬಾ ಚೆನ್ನಾಗಿ ಆಡ್ತಾನಮ್ಮ. ಅವನಂಥ ಕೀಪರ್ ನಮ್ಮ ಊರಲ್ಲೇ ಇಲ್ಲ" ಅಂದರು.

ಅವಳ ಮುಖ ಅರಳಿತು. ಆಮೇಲೆ ಏನೋ ಹೊಳೆದ ಹಾಗೆ ಹುಬ್ಬು ಗಂಟಿಕ್ಕಿತು. ಕೋಪವಿರಲಿಲ್ಲ, ಲೆಕ್ಕ ತಾಳೆಯಾಗದಿದ್ದಾಗ ಕೌಂಟರಿನಲ್ಲಿ ಜನ ಕೇಳುತ್ತಾರಲ್ಲ, ಹಾಗೆ ನನ್ನನ್ನು ಕೇಳಿದಳು.

"ಮತ್ತೆ ನೀವು ಯಾಕೆ ಮೇಡಂ ಅವನನ್ನ ಇಲ್ಲೇ ಉಳಿಸ್ಕೊಳ್ಲಿಲ್ಲ?"

ನಾನು ಬಾಕ್ಸು ಬಿಚ್ಚಿ ಒಂದು ತುಂಡು ಮೈಸೂರುಪಾಕು ಬಾಯಿಗೆ ಹಾಕಿಕೊಂಡೆ. ಅದು ಕರಗಿಹೋಯಿತು. ಅವಳು ಇನ್ನೂ ನಿಂತಿದ್ದಳು. ಇನ್ನೊಂದು ಹಾಕಿಕೊಂಡೆ.