ಪಕ್ಕದ ಸೀಟಿನ ತೂಕ

ಮೊನ್ನೆ ನಮ್ಮೂರು ಮಿಸಿಸಾಗದ ಮೆಡೋವೇಲ್ ಬಡಾವಣೆಯಲ್ಲಿರುವ ಆಫೀಸಿನಲ್ಲಿ ಮೀಟಿಂಗು. ಮೂರು ಸಾಫ್ಟ್‌ವೇರುಗಳಲ್ಲಿ ಯಾವುದನ್ನು ಕೊಳ್ಳುವುದು ಅಂತ ಚರ್ಚೆ. ಯಾರೋ ಎದ್ದು ಹೋಗಿ ಬೋರ್ಡಿನ ಕೆಂಪು ಮಾರ್ಕರಿನ ಮುಚ್ಚಳ ತೆಗೆದರು ನೋಡಿ, ಆ ಘಾಟು ಮೂಗಿಗೆ ಬಡಿದದ್ದೇ ತಡ, ಜೊತೆಗೆ ಸಾರಿನ ಪುಡಿಯ ವಾಸನೆಯೂ ಬಂದಂತಾಯಿತು. ಮೀಟಿಂಗಿನಲ್ಲಿ ಸಾರಿನ ಪುಡಿ ಎಲ್ಲಿಂದ? ನನ್ನ ಅಂಗಿಯನ್ನೇ ಮೂಸಿ ನೋಡಿಕೊಂಡೆ. ಚಿಂತೆ ನನ್ನ ಹುಟ್ಟುಗುಣ. ಆಮೇಲೆ ಹೊಳೆಯಿತು... ಅದು ಪಕ್ಕದ ಮನೆ ಅಂಕಲ್ ಬೇಸ್‌ಮೆಂಟಿನ ವಾಸನೆ.

ನನಗೇ ಐವತ್ತಾಗುತ್ತ ಬಂದರೂ ಅವರು ನನಗೆ ಅಂಕಲ್ಲೇ. ಮೈಸೂರಿನವರು. ನಾವೆಲ್ಲ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೇ ಈ ದೇಶಕ್ಕೆ ಬಂದು, ವಿಮಾನದ ಚಕ್ರಗಳು ಸರಿಯಾದ ಹೊತ್ತಿಗೆ ಇಳಿಯುವಂತೆ ನೋಡಿಕೊಳ್ಳುವ ಎಂಜಿನಿಯರಾಗಿ ನಿವೃತ್ತರಾದವರು. ವಿಮಾನ ಬಿಟ್ಟರೂ ವಿಧಾನ ಬಿಡಲಿಲ್ಲ. ಬೇಸ್‌ಮೆಂಟಿನ ಒಂದು ಗೋಡೆಗೆ ದೊಡ್ಡ ಬಿಳಿ ಬೋರ್ಡು, ಎದುರು ಗೋಡೆಯ ಕಪಾಟಿನಲ್ಲಿ ಆಂಟಿಯ ಸಾರಿನ ಪುಡಿ, ಹುಳಿಪುಡಿಗಳ ಡಬ್ಬಿಗಳು.

ಯಾವ ತೀರ್ಮಾನವಾದರೂ ಆ ಬೋರ್ಡಿನ ಮೇಲೆ ಹಾದುಹೋಗಲೇಬೇಕು. ಎಡಕ್ಕೆ ಆಯ್ಕೆಗಳು, ಮೇಲೆ ಅಳತೆಗೋಲುಗಳು. ಒಂದೊಂದು ಅಳತೆಗೋಲಿಗೂ ಒಂದು ತೂಕ, ಒಂದೊಂದು ಆಯ್ಕೆಗೂ ಹತ್ತಕ್ಕೆ ಇಷ್ಟು ಅಂತ ಅಂಕ. ಗುಣಿಸು, ಕೂಡು. ಕೊನೆಗೆ ತೂಕಗಳನ್ನು ಸ್ವಲ್ಪ ಹೆಚ್ಚುಕಮ್ಮಿ ಮಾಡಿ ಉತ್ತರವನ್ನು ಅಲ್ಲಾಡಿಸಿ ನೋಡಬೇಕು, ತೆಂಗಿನಕಾಯಿ ಕೊಳ್ಳುವಾಗ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇವಲ್ಲ ಹಾಗೆ. ಆದರೆ ಎಲ್ಲಕ್ಕಿಂತ ಮೊದಲು ಬೋರ್ಡಿನ ನೆತ್ತಿಯ ಮೇಲೆ ಹೆಸರುಗಳು. "ಈ ತೀರ್ಮಾನದ ಬಿಸಿ ಯಾರ್ಯಾರಿಗೆ ತಟ್ಟುತ್ತೆ? ಮೊದ್ಲು ಅದನ್ನ ಬರಿಯಯ್ಯ," ಅನ್ನುತ್ತಿದ್ದರು.

ನನ್ನಂಥ ಪುಕ್ಕಲನಿಗೆ ಇದು ಸ್ವರ್ಗ. ಹಿಮ ಎತ್ತುವ ಮಷೀನು ಕೊಳ್ಳಲೋ, ಸಲಿಕೆಯಲ್ಲೇ ಸಾಗಿಸಲೋ ಅಂತ ಕೇಳಿಕೊಂಡು ಹೋಗಿದ್ದೆ. ಇಬ್ಬರೂ ಕೂತು ಎಷ್ಟು ಶಾಸ್ತ್ರೋಕ್ತವಾಗಿ ಲೆಕ್ಕ ಹಾಕಿದೆವೆಂದರೆ, ಮಷೀನೇ ಸರಿ ಅಂತ ಉತ್ತರ ಬರುವಷ್ಟರಲ್ಲಿ ಏಪ್ರಿಲ್ ಬಂದು ಹಿಮವೆಲ್ಲ ಕರಗಿತ್ತು. ಕನ್ನಡದವರ ಪಿಕ್ನಿಕ್ಕಿನ ತಿಂಡಿಯನ್ನೂ ಅವರು ಹೀಗೇ ಆರಿಸಿದರು. ಗೆದ್ದದ್ದು ಉಪ್ಪಿಟ್ಟು. ಯಾರಿಗೂ ಬೇಕಾಗಿರಲಿಲ್ಲ, ಯಾರೂ ಸೊನ್ನೆ ಕೊಟ್ಟಿರಲಿಲ್ಲ, ಅಷ್ಟೇ.

ಹೀಗಿರುವಾಗ ಒಂದು ದಿನ ಆಂಟಿ ಡ್ರೈವ್‌ವೇಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. "ನೀನಾದ್ರೂ ಹೇಳಪ್ಪ, ಇನ್ನು ಕಾರು ಓಡಿಸೋದು ಸಾಕು ಅಂತ. ಹೆಂಡ್ತಿ ಮಾತು ಕೇಳಲ್ಲ, ಲೆಕ್ಕ ತೋರಿಸಿದ್ರೆ ಕೇಳ್ತಾರೆ."

ವಿಷಯ ನನಗೂ ಗೊತ್ತಿತ್ತು. ಆ ತಿಂಗಳು ಅಂಕಲ್ ತಮ್ಮದೇ ಗರಾಜಿನ ಬಾಗಿಲಿಗೆ ಗುದ್ದಿದ್ದರು. ಆಮೇಲಿನ ವಾರ ನಮ್ಮ ಕಸದ ಡಬ್ಬಿಯನ್ನು ಬಂಪರಿಗೆ ಸಿಕ್ಕಿಸಿಕೊಂಡು ಬೀದಿಯ ತುದಿಯವರೆಗೆ ಮೆರವಣಿಗೆ ಮಾಡಿಸಿದ್ದರು. ಆದರೂ ಪ್ರತಿ ಶನಿವಾರ ಆಂಟಿಯನ್ನು ಕೂರಿಸಿಕೊಂಡು ರಿಚ್ಮಂಡ್ ಹಿಲ್ಲಿನ ದೇವಸ್ಥಾನಕ್ಕೆ ಹೈವೇಯಲ್ಲೇ ಹೋಗುತ್ತಿದ್ದರು. ಇಂಥ ಮಾತು ಹೇಳುವುದಕ್ಕೆ ನನಗಿಂತ ಅಯೋಗ್ಯ ಈ ಬೀದಿಯಲ್ಲಿಲ್ಲ. ಪಿಜ್ಜಾ ಆರ್ಡರ್ ಮಾಡುವ ಮೊದಲೂ ಏನು ಮಾತಾಡಬೇಕು ಅಂತ ಅಭ್ಯಾಸ ಮಾಡಿಕೊಳ್ಳುವವನು ನಾನು. ಆದರೂ ಹೋದೆ. ಮಾರ್ಕರ್ ಹಿಡಿದು ಮೂರು ಆಯ್ಕೆ ಬರೆದೆ: ಓಡಿಸುವುದು, ಬಿಡುವುದು, ಬಸ್ಸು.

ಅಂಕಲ್ ಕುರ್ಚಿಯಲ್ಲಿ ಆರಾಮಾಗಿ ಕಾಲು ಚಾಚಿ ಕೂತರು. "ಯಾರ ಹಂಗೂ ಇಲ್ಲದೆ ಓಡಾಡೋದು ಅಂತ ಒಂದು ಅಳತೆಗೋಲು ಹಾಕು. ಅರ್ಧ ತೂಕ ಅದಕ್ಕೇ."

"ಸುರಕ್ಷತೆ, ಅಂಕಲ್?"

"ಹಾಕು. ಅದ್ರಲ್ಲಿ ನಂಗೆ ಹತ್ತಕ್ಕೆ ಒಂಬತ್ತು."

"ಅಲ್ಲ, ನಮ್ಮ ಕಸದ ಡಬ್ಬಿ..."

"ಡಬ್ಬಿ ಅಡ್ಡ ಇತ್ತು."

"ನಮ್ಮನೆ ಮುಂದೇನೇ ಇತ್ತು ಅಂಕಲ್."

"ಅದನ್ನೇ ಹೇಳ್ತಿರೋದು."

ತೂಕ ಏರಿಸಿದೆ, ಇಳಿಸಿದೆ, ಎಷ್ಟು ಅಲ್ಲಾಡಿಸಿದರೂ ಕಾರೇ ಗೆಲ್ಲುತ್ತಿತ್ತು. ಅಂಕಲ್ ಮುಖದಲ್ಲಿ ಹಳೆಯ ವಿಮಾನ ಸರಿಯಾಗಿ ನೆಲಕ್ಕಿಳಿದ ಕಳೆ. ಆ ಹೊತ್ತಿಗೆ ಆಂಟಿ ಸಾರಿನ ಪುಡಿ ತೆಗೆದುಕೊಳ್ಳಲು ಕೆಳಗೆ ಬಂದರು. ಡಬ್ಬಿ ಕೈಯಲ್ಲಿ ಹಿಡಿದು ಬೋರ್ಡನ್ನೇ ನೋಡಿದರು.

"ಮೇಲೆ ಹೆಸರು ಬರೆಯೋ ಜಾಗ ಖಾಲಿ ಇದೆಯಲ್ರೀ?"

"ಕಾರು ನಂದು, ಓಡ್ಸೋನು ನಾನು. ಇನ್ಯಾರ ಹೆಸ್ರು ಬರೀಲಿ?"

"ಪಕ್ಕದ ಸೀಟಲ್ಲಿ ಕಣ್ಣು ಮುಚ್ಕೊಂಡು ದಾರಿ ಪೂರ್ತಿ ಸ್ತೋತ್ರ ಹೇಳ್ತೀನಲ್ಲ... ಅದು ಭಕ್ತಿಗೆ ಅಂದ್ಕೊಂಡ್ರಾ?"

ನಾನು ನಗಬೇಕೋ ಬೇಡವೋ ತಿಳಿಯದೆ ಮಾರ್ಕರಿನ ಮುಚ್ಚಳ ಹಾಕಿದೆ, ತೆಗೆದೆ. ಅಂಕಲ್ ನಗಲಿಲ್ಲ. ಎದ್ದು ಬಂದು, ನನ್ನ ಕೈಯಿಂದ ಮಾರ್ಕರ್ ತೆಗೆದುಕೊಂಡು, ನೆತ್ತಿಯ ಮೇಲೆ ಆಂಟಿಯ ಹೆಸರು ಬರೆದರು.

"ತೂಕ ಎಷ್ಟು ಹಾಕ್ಲಿ ಅಂಕಲ್?" ಅಂದೆ, ಬಾಯಿ ತಪ್ಪಿ.

"ಸುಮ್ನಿರಯ್ಯ."

ಉಳಿದ ಲೆಕ್ಕವನ್ನೆಲ್ಲ ಅಂಗೈಯಲ್ಲೇ ಒರೆಸಿದರು. ಕೈಯೆಲ್ಲ ಕೆಂಪಾಯಿತು. ಜೇಬಿನಿಂದ ಕೀ ತೆಗೆದು ಹುಳಿಪುಡಿ ಡಬ್ಬಿಯ ಪಕ್ಕ ಇಟ್ಟರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಯ್ಕೆಗಳಿದ್ದ ಜಾಗದಲ್ಲಿ ನನ್ನ ಹೆಸರು ಬರೆದರು.

"ಇವನು ಕರ್ಕೊಂಡು ಹೋಗ್ಲಿ. ಇವನ ಸ್ಪೀಡಿಗೆ ಆಕ್ಸಿಡೆಂಟು ಮಾಡೋಕೂ ಆಗಲ್ಲ."

ಅಂದಿನಿಂದ ಶನಿವಾರ ನಾನು ಸಾರಥಿ. ಮುಂದಿನ ಸೀಟಲ್ಲಿ ಅಂಕಲ್, ಹಿಂದೆ ಆಂಟಿ, ಈಗ ಕಣ್ಣು ತೆರೆದುಕೊಂಡು. ದೇವಸ್ಥಾನ ತಲುಪುತ್ತಿದ್ದಂತೆ ಅಂಕಲ್ ನನ್ನ ಡ್ರೈವಿಂಗಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಘೋಷಿಸುತ್ತಿದ್ದರು. ಆರಕ್ಕಿಂತ ಮೇಲೆ ಒಂದು ಸಲವೂ ಕೊಡಲಿಲ್ಲ. "ಲೇನ್ ಚೇಂಜ್ ಮಾಡೋಕೆ ಮಿಸಿಸಾಗದಲ್ಲಿ ಇಂಡಿಕೇಟರ್ ಹಾಕ್ತೀಯ, ರಿಚ್ಮಂಡ್ ಹಿಲ್ಲಲ್ಲಿ ಚೇಂಜ್ ಮಾಡ್ತೀಯ. ಆರೇ ಜಾಸ್ತಿ." ವರ್ಷಗಟ್ಟಲೆ ಆರು... ಆ ಏಳಕ್ಕಾಗಿ ನಾನೆಷ್ಟು ಆಸೆಪಟ್ಟೆನೋ, ಹೇಳಿಕೊಂಡರೆ ನಾಚಿಕೆ.

ಹೋದ ಚಳಿಗಾಲದಲ್ಲಿ ಅಂಕಲ್ ಹೋಗಿಬಿಟ್ಟರು. ಬೋರ್ಡು ಇನ್ನೂ ಅಲ್ಲೇ ಇದೆ. ಎಲ್ಲ ಒರೆಸಿದ್ದರೂ ನೆತ್ತಿಯ ಮೇಲಿನ ಆ ಒಂದು ಹೆಸರನ್ನು ಅವರು ಕೊನೆಯವರೆಗೂ ಒರೆಸಿರಲಿಲ್ಲ.

ಆ ಮೀಟಿಂಗಿನ ಮರುದಿನ ಶನಿವಾರ. ಆಂಟಿ ಈಗ ಮುಂದಿನ ಸೀಟಲ್ಲೇ ಕೂರುತ್ತಾರೆ. ಹೈವೇಯಲ್ಲಿ ನಮ್ಮ ಮುಂದೆ ಒಂದು ದೊಡ್ಡ ಲಾರಿ ತೆವಳುತ್ತಿತ್ತು. ಅದೇನು ತೋಚಿತೋ, ಕನ್ನಡಿ ನೋಡಿದೆ, ಭುಜದ ಮೇಲಿಂದ ಹಿಂದಕ್ಕೆ ನೋಡಿದೆ, ಸರಕ್ಕನೆ ಲೇನ್ ಬದಲಿಸಿಬಿಟ್ಟೆ. ಬೆವರು ಬಂತು.

"ಏಳು," ಅಂದರು ಆಂಟಿ, ರಸ್ತೆಯನ್ನೇ ನೋಡುತ್ತ. "ಅವರಿಗೆ ಹೇಳ್ಬೇಡ."

ಹೇಳಲ್ಲ ಆಂಟಿ, ಅಂದೆ.