ಮಡಿಗೆ ಬಂದ ಉಕ್ಕಿನಂಗಿ

ಅಂದು ಶ್ರೀರಾಮನವಮಿ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಚನ್ನಪಟ್ಟಣದ ನಮ್ಮ ಮನೆಯ ಹಿತ್ತಿಲಲ್ಲಿ ಎಂದಿನಂತೆ ಪಾತ್ರೆ ಬೆಳಗಲು ಕುಳಿತೆ. ಚೊಂಬು, ತಪ್ಪಲೆ, ಪಂಚಪಾತ್ರೆ. ಅವುಗಳ ನಡುವೆ ನಮ್ಮವರ ಯುದ್ಧದ ಅಂಗಿ.

ನಮ್ಮವರು ತಾಲ್ಲೂಕು ಕಚೇರಿಯ ಗುಮಾಸ್ತರು. ರಾಮೋತ್ಸವದ ನಾಟಕದಲ್ಲಿ ವರ್ಷವರ್ಷವೂ ದ್ವಾರಪಾಲಕ. ಆ ಸಲ ಸೇನಾಪತಿಯ ಪಾತ್ರ ಸಿಕ್ಕಿತ್ತು. ಪಾತ್ರ ಹಂಚುವ ಅಮಲ್ದಾರರು ಮೆಚ್ಚದಿದ್ದರೆ ಮತ್ತೆ ಬಾಗಿಲು ಕಾಯುವುದೇ. ಆ ಭಯಕ್ಕೆ, ನಿಜವಾದ ಉಕ್ಕಿನ ಕವಚವೇ ಆಗಲಿ ಎಂದು, ವೀಣೆಯ ತಂತಿ ಎಳೆಯುವವರ ಮನೆಯಿಂದ ಬೇಡವಾದ ತಂತಿ ತಂದು ನನ್ನ ಮುಂದೆ ಸುರಿದಿದ್ದರು. ನಾನು ಅದನ್ನು ಲಟ್ಟಣಿಗೆಯ ಹಿಡಿಗೆ ಸುತ್ತಿ, ಕತ್ತರಿಸಿ, ಉಂಗುರಕ್ಕೆ ಉಂಗುರ ಸಿಕ್ಕಿಸುತ್ತ ಹೋದೆ. ಕಾನ್ವೆಂಟಿನಲ್ಲಿ ಲೇಸ್ ಹೆಣೆದ ಕೈ ನನ್ನದು. ತೋಳಿನ ಅಂಚಿಗೆ ಪುಟ್ಟ ಜಾಲರಿಯೂ ಬಂತು.

"ಸೇನಾಪತಿಗೆ ಜಾಲರಿ ಯಾಕೆ?" ಎಂದರು.

"ಚೆನ್ನಾಗಿ ಕಾಣುತ್ತೆ," ಎಂದೆ.

ಒಳಗೆ ಬನಿಯನ್ ಹಾಕಿಕೊಳ್ಳಬೇಕೆಂದು ನಮ್ಮ ಯೋಚನೆ. ಅತ್ತೆ ಒಪ್ಪಲಿಲ್ಲ. ಸಂಜೆ ಮಂಗಳಾರತಿಯವರೆಗೆ ಮಗ ಮಡಿಯಲ್ಲಿರಬೇಕು. ಹೊಲಿದ ಬಟ್ಟೆ ಮಡಿಗೆ ಬರುವುದಿಲ್ಲ.

"ಹಾಗಾದರೆ ಈ ಅಂಗಿ?" ಎಂದು ಕೇಳಿದೆ.

ಅತ್ತೆ ಅದನ್ನು ತಿರುವಿ ನೋಡಿದರು. "ಇದಕ್ಕೆ ಸೂಜಿ ತಾಕಿಲ್ಲ, ದಾರ ತಾಕಿಲ್ಲ. ಪಾತ್ರೆ ಇದ್ದ ಹಾಗೆ ಕಣೇ. ಹುಣಸೇಹಣ್ಣು ಹಾಕಿ ಬೆಳಗು, ಬರಿಮೈಗೆ ಹಾಕ್ಕೊಳ್ಳಲಿ."

ಬೆಳಗಿದೆ. ಫಳಫಳ ಹೊಳೆಯಿತು.

ಮಧ್ಯಾಹ್ನ ಇಳಿದ ಮೇಲೆ ದೇವಸ್ಥಾನದ ಅಂಗಳದಲ್ಲಿ ನಾಟಕ. ನಮ್ಮವರು ಗಂಭೀರವಾಗಿ ಬಂದು ಕತ್ತಿ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಉಂಗುರಗಳ ಬಾಯಿ ಪೂರ್ತಿ ಮುಚ್ಚಿರಲಿಲ್ಲ. ಎದೆಯ ಕೂದಲೆಲ್ಲ ಅದರಲ್ಲಿ ಸಿಕ್ಕಿಕೊಂಡಿತ್ತು. ಕಣ್ಣಲ್ಲಿ ನೀರು ಬಂದದ್ದು ನನಗೆ ಹೆಂಗಸರ ಸಾಲಿನಿಂದಲೇ ಕಂಡಿತು.

ಸೇನಾಪತಿ ಈಟಿ ತಾಗಿ, ಮಾತಿಲ್ಲದೆ ಒಂದೇ ಸಲಕ್ಕೆ ಉರುಳಿ ಸಾಯಬೇಕಿತ್ತು. ಶತ್ರುರಾಜ ಈಟಿ ಎತ್ತುವಷ್ಟರಲ್ಲೇ ಇವರು "ಅಯ್ಯಯ್ಯೋ ಅಮ್ಮಾ" ಎಂದು ಬಿದ್ದರು. ಒಂದು ಮಗ್ಗುಲಿಗೆ ಹೊರಳಿದರೆ ಆ ಕಡೆಯ ಕೂದಲು ಕಿತ್ತುಬರುತ್ತದೆ, ಇನ್ನೊಂದಕ್ಕೆ ಹೊರಳಿದರೆ ಈ ಕಡೆಯದು. ಹೊರಳುತ್ತ ಹೊರಳುತ್ತ ಪಾನಕದ ಕೊಪ್ಪರಿಗೆಯವರೆಗೆ ಹೋದರು. ಶತ್ರುರಾಜ ಹೆದರಿ ಅಮಲ್ದಾರರಿಗೆ ಕೈಮುಗಿದ: "ನಾನಿನ್ನೂ ಮುಟ್ಟೇ ಇಲ್ಲ ಸ್ವಾಮಿ."

ಅಮಲ್ದಾರರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ನಕ್ಕರೋ ಅತ್ತರೋ ತಿಳಿಯಲಿಲ್ಲ. ಹಾಗೇ ಎದ್ದು ಹೊರಟುಹೋದರು.

ಮಂಗಳಾರತಿ ಮುಗಿಸಿ ಮನೆಗೆ ಬಂದು, ನಾನು ಕೊಬ್ಬರಿ ಎಣ್ಣೆ ಸವರಿ ಒಂದೊಂದೇ ಉಂಗುರ ಬಿಡಿಸುತ್ತಿದ್ದೆ.

"ಮತ್ತೆ ಬಾಗಿಲು ಕಾಯೋದೇ ಗತಿ," ಎಂದು ನಮ್ಮವರು ನಿಟ್ಟುಸಿರಿಟ್ಟರು. ಆ ಉಸಿರಿಗೂ ಎರಡು ಕೂದಲು ಕಿತ್ತುಬಂದವು.

ಅಷ್ಟರಲ್ಲಿ ಹಿಂದಿನ ಮನೆಯ ಗೌಡಗಿತ್ತಿ ಹಾಲು ತಂದಳು. ಹಿತ್ತಿಲ ಬಾಗಿಲಲ್ಲೇ ನಿಂತು ಪಾವಿನಲ್ಲಿ ಅಳೆದು ನಾನು ಹಿಡಿದ ಪಾತ್ರೆಗೆ ಹುಯ್ಯುತ್ತ, ನನ್ನ ಮುಖವನ್ನೂ ನೋಡದೆ ಅಂದಳು:

"ನಿಮ್ಮೆಜಮಾನ್ರು ಸತ್ತಿದ್ ನೋಡಿ ನಮ್ಮತ್ತೆ ಅತ್ಬುಟ್ರು ಕಣವ್ವ. ಅಮಲ್ದಾರ್ರೂ ದಾರಿ ಉದ್ದಕ್ಕೂ ಅದ್ನೇ ಹೇಳ್ಕೊಂಡು ಹೋಯ್ತಿದ್ರು, ಬರೋ ವರ್ಸನೂ ಇವ್ರೇ ಸಾಯ್ಬೇಕಂತೆ. ಪಾತ್ರೆ ಒಸಿ ಈ ಕಡೆ ಬಗ್ಸಿ, ಹಾಲು ಚೆಲ್ತೈತೆ."